ದುಡ್ಡು ಕೊಟ್ಟರೂ ಚಾಟ್‌ಬಾಟ್ ಪೂರ್ತಿ ಯೋಚಿಸ್ತಿಲ್ವಾ? ಹೀಗೆ ಮಾಡಿ ನೋಡಿ

ತಿಂಗಳು ತಿಂಗಳು ದುಡ್ಡು ಕಟ್ಟಿ ಎಐ ಚಾಟ್‌ಬಾಟ್ ಬಳಸುವವರ ದೂರು ಹೆಚ್ಚುಕಮ್ಮಿ ಒಂದೇ. ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಕೇಳಿದರೆ ಎರಡು ಸೆಕೆಂಡಿನಲ್ಲಿ ಏನೋ ಒಂದು ಹೇಳಿ ಮುಗಿಸುತ್ತದೆ. ಸಣ್ಣ ಪ್ರಶ್ನೆ ಕೇಳಿದರೆ ಅರ್ಧ ನಿಮಿಷ ಕೂತು ಯೋಚಿಸುತ್ತದೆ. ಇದಕ್ಕೆ ಎಷ್ಟು ಯೋಚನೆ ಬೇಕು ಅಂತ ನಾವೇ ಹೇಳೋಣ ಅಂದರೆ ಸೆಟ್ಟಿಂಗ್ಸ್ ಒಳಗೆ ಅಂಥದ್ದೇನೂ ಸಿಗುವುದಿಲ್ಲ, ಸಿಕ್ಕರೂ ಎರಡೋ ಮೂರೋ ಆಯ್ಕೆ ಅಷ್ಟೇ. ಫ್ಯಾನಿಗೆ ಸ್ವಿಚ್ ಇದೆ, ರೆಗ್ಯುಲೇಟರ್ ಇಲ್ಲ. ಇನ್ನೂ ಉರಿಸುವ ಸಂಗತಿ ಏನೆಂದರೆ, ಅದೇ ಕಂಪನಿ ಅದೇ ಮಾಡೆಲನ್ನು (ಚಾಟ್‌ಬಾಟ್‌ನ ಒಳಗೆ ಉತ್ತರ ಬರೆಯುವ ಎಐ) ಡೆವಲಪರ್‌ಗಳಿಗೆ ಎಪಿಐ ಮೂಲಕ, ಅಂದರೆ ಬೇರೆ ಪ್ರೋಗ್ರಾಂಗಳಿಂದ ನೇರವಾಗಿ ಬಳಸುವ ದಾರಿಯಲ್ಲಿ, ಕೊಡುವಾಗ ಆ ರೆಗ್ಯುಲೇಟರನ್ನೂ ಕೊಡುತ್ತದೆ.

ಆ್ಯಪ್‌ನ ಒಳಗೆ ಪೂರ್ತಿ ಹಿಡಿತ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈಗ ಇರುವುದಕ್ಕಿಂತ ಜಾಸ್ತಿ ಹಿಡಿತ ಖಂಡಿತ ಪಡೆಯಬಹುದು.

ಮೊದಲು: ಇದಕ್ಕೆ ಕಡಿವಾಣ ಯಾಕೆ ಅಂತ ತಿಳಿದುಕೊಳ್ಳಿ

ಉತ್ತರ ಬರೆಯುವ ಮುಂಚೆ ತನ್ನಷ್ಟಕ್ಕೆ ತಾನೇ ಉದ್ದನೆಯ ಕಚ್ಚಾ ಲೆಕ್ಕ ಮಾಡಿಕೊಳ್ಳುವ ಮಾಡೆಲ್‌ಗಳು ಸಾಮಾನ್ಯ ಬಳಕೆದಾರರ ಕೈಗೆ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐನ ಓ1-ಪ್ರಿವ್ಯೂ ಜೊತೆ. ಆಮೇಲೆ 2025ರ ಜನವರಿಯಲ್ಲಿ ಡೀಪ್‌ಸೀಕ್ ಆರ್1, ಫೆಬ್ರವರಿಯಲ್ಲಿ ಆಂಥ್ರೊಪಿಕ್ ಕಂಪನಿಯ ಕ್ಲಾಡ್ 3.7 ಸಾನೆಟ್, ಮಾರ್ಚ್‌ನಲ್ಲಿ ಗೂಗಲ್‌ನ ಜೆಮಿನಿ 2.5 ಪ್ರೊ ಬಂದವು. ಎಲ್ಲದರ ಒಳಗಿನ ಸಂಗತಿ ಒಂದೇ. ಮಾಡೆಲ್ ಯೋಚಿಸುವುದು ಅಂದರೆ ಟೋಕನ್ (ಪದ ಅಥವಾ ಪದದ ತುಂಡು) ಬರೆಯುವುದು. ನಮಗೆ ಕಾಣುವ ಉತ್ತರ ನೂರು ಪದ ಇದ್ದರೂ ಅದರ ಹಿಂದೆ ಸಾವಿರಾರು ಟೋಕನ್‌ಗಳ ಕಚ್ಚಾ ಬರಹ ಇರಬಹುದು. ಎಪಿಐನಲ್ಲಿ ಅದನ್ನೂ ಔಟ್‌ಪುಟ್ ಅಂತಲೇ ಲೆಕ್ಕ ಹಿಡಿದು ಬಿಲ್ ಮಾಡುತ್ತಾರೆ. ನಮ್ಮ ಚಂದಾ ಹಾಗಲ್ಲ, ಎಷ್ಟು ಬಳಸಿದರೂ ಒಂದೇ ಮೊತ್ತ. ಅಂದರೆ ನಿಮ್ಮ ಮಾಡೆಲ್ ಒಂದು ನಿಮಿಷ ಜಾಸ್ತಿ ಯೋಚಿಸಿದರೆ ಆ ಖರ್ಚು ಕಂಪನಿಯ ಜೇಬಿನಿಂದ ಹೋಗುತ್ತದೆ. ಈಗ ಗೊತ್ತಾಯ್ತಲ್ಲ, ರೆಗ್ಯುಲೇಟರ್ ಯಾಕೆ ಕೊಡುವುದಿಲ್ಲ ಅಂತ.

ಕಂಪನಿಗಳು ಕೊಡುವ ಕಾರಣ ಬೇರೆ. ಜನಕ್ಕೆ ಆಯ್ಕೆ ಜಾಸ್ತಿಯಾದರೆ ಗೊಂದಲ ಆಗುತ್ತದೆ, ಆದ್ದರಿಂದ ನಾವೇ ಆರಿಸಿ ಕೊಡುತ್ತೇವೆ ಅನ್ನುತ್ತಾರೆ. ಇದು ಪೂರ್ತಿ ಸುಳ್ಳೂ ಅಲ್ಲ. ಚಾಟ್‌ಜಿಪಿಟಿಗೆ ಜಿಪಿಟಿ-5 ಮಾಡೆಲ್ ಬರುವ ಮುಂಚೆ ಅದರ ಪ್ಲಸ್ ಚಂದಾದಾರರಲ್ಲಿ ದಿನಕ್ಕೆ ಶೇ. 7ರಷ್ಟು ಜನ ಮಾತ್ರ ಯೋಚಿಸುವ ಮಾಡೆಲ್‌ಗಳನ್ನು ಬಳಸುತ್ತಿದ್ದರು, ಬಂದ ಮೇಲೆ ಅದು ಶೇ. 24ಕ್ಕೆ ಏರಿತು ಅಂತ ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ 2025ರ ಆಗಸ್ಟ್‌ನಲ್ಲಿ ಹೇಳಿದ್ದರು. ಅಂದರೆ ಏರಿದ ಮೇಲೂ, ಯಾವುದೇ ಒಂದು ದಿನ ದುಡ್ಡು ಕೊಟ್ಟವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹಾಗಂತ, ಬೇಕು ಅನ್ನುವವರ ಕೈಯಿಂದಲೂ ಕಿತ್ತುಕೊಳ್ಳಬೇಕಾ? ಒಂದು ಮೂಲೆಯಲ್ಲಿ 'ಅಡ್ವಾನ್ಸ್ಡ್' ಅಂತ ಇಟ್ಟಿದ್ದರೆ ಯಾರಿಗೂ ತೊಂದರೆ ಆಗುತ್ತಿರಲಿಲ್ಲ.

ನಿಮ್ಮ ತೊಂದರೆ ಮೂರರಲ್ಲಿ ಯಾವುದು?

"ಮಾಡೆಲ್ ದಡ್ಡ ಆಗಿಬಿಟ್ಟಿದೆ" ಅನ್ನುವ ಮಾತಿನ ಹಿಂದೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಕಾರಣ ಇರುತ್ತವೆ. ಯಾವುದು ಅಂತ ಗೊತ್ತಿಲ್ಲದೆ ಪ್ರಾಂಪ್ಟ್ (ನಾವು ಬರೆದು ಕಳಿಸುವ ಪ್ರಶ್ನೆ) ತಿದ್ದುತ್ತಾ ಕೂತರೆ ಸುಮ್ನೆ ಟೈಮ್ ವೇಸ್ಟ್.

ಒಂದು, ರೂಟರ್ ತಪ್ಪಾಗಿ ಆರಿಸಿದ್ದು. 'ಆಟೋ' ಇಟ್ಟಿದ್ದರೆ ನಿಮ್ಮ ಪ್ರಶ್ನೆಗೆ ಯೋಚನೆ ಬೇಕೋ ಬೇಡವೋ ಅಂತ ರೂಟರ್ ಅನ್ನುವ ಬೇರೊಂದು ವ್ಯವಸ್ಥೆ ಮೊದಲು ತೀರ್ಮಾನಿಸುತ್ತದೆ. 2025ರ ಆಗಸ್ಟ್ 7ರಂದು ಜಿಪಿಟಿ-5 ಬಂದಾಗ ಆದದ್ದು ಇದೇ. ಮೊದಲ ದಿನ ಆ ಆಟೋಸ್ವಿಚರ್ ಸ್ವಲ್ಪ ಹೊತ್ತು ಕೆಟ್ಟಿತ್ತು, ಅದರಿಂದ ಮಾಡೆಲ್ ದಡ್ಡನ ಹಾಗೆ ಕಂಡಿತು ಅಂತ ಆಲ್ಟ್‌ಮನ್ ಅವರೇ ಒಪ್ಪಿಕೊಂಡರು. ಜನ ಗಲಾಟೆ ಮಾಡಿದ ಮೇಲೆ ಆಟೋ, ಫಾಸ್ಟ್, ಥಿಂಕಿಂಗ್ ಅಂತ ಕೈಯಾರೆ ಆರಿಸುವ ಆಯ್ಕೆ ಬಂತು.

ಎರಡು, ಯೋಚನೆಯ ಮಟ್ಟ ಬದಲಾದದ್ದು. ಇದು ಕಣ್ಣಿಗೇ ಬೀಳುವುದಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಚಾಟ್‌ಜಿಪಿಟಿಯ ಥಿಂಕಿಂಗ್ ಮೋಡ್‌ಗೆ 'ಸ್ಟ್ಯಾಂಡರ್ಡ್', 'ಎಕ್ಸ್‌ಟೆಂಡೆಡ್' ಅಂತ ಎರಡು ಹಂತ ಬಂತು. ಒಳ್ಳೆಯದೇ. ಆದರೆ ಹೊಸ ಡೀಫಾಲ್ಟ್ ಆಗಿ ಕೂತದ್ದು ಸ್ಟ್ಯಾಂಡರ್ಡ್. ಪ್ಲಸ್‌ನವರಿಗೆ ಅಲ್ಲಿಯವರೆಗೆ ಸಿಗುತ್ತಿದ್ದದ್ದು ಎಕ್ಸ್‌ಟೆಂಡೆಡ್. ಅಂದರೆ ಏನನ್ನೂ ಮುಟ್ಟದವರಿಗೆ ಯೋಚನೆಯ ಹೊತ್ತು ತಾನಾಗಿಯೇ ಕಮ್ಮಿಯಾಯಿತು. ಇನ್ನೂ ಹಗುರವಾದ 'ಲೈಟ್', ಇನ್ನೂ ಆಳವಾದ 'ಹೆವಿ' ಎರಡೂ ಆಗ ಸಿಕ್ಕದ್ದು ಇನ್ನೂ ದುಬಾರಿಯಾದ ಪ್ರೊ ಚಂದಾದವರಿಗೆ ಮಾತ್ರ.

ಮೂರು, ಕೋಟಾ ಮುಗಿದದ್ದು. ಮಿತಿ ದಾಟಿದ ಮೇಲೆ ಕೆಲವು ಸೇವೆಗಳು ನಿಲ್ಲಿಸುವುದಿಲ್ಲ, ಚಿಕ್ಕ ಮಾಡೆಲ್‌ಗೆ ಇಳಿಸುತ್ತವೆ. ಈ ಮಿತಿಗಳೂ ಸ್ಥಿರ ಅಲ್ಲ. ಪ್ಲಸ್‌ನಲ್ಲಿ ಜಿಪಿಟಿ-5 ಥಿಂಕಿಂಗ್‌ಗೆ ಶುರುವಿನಲ್ಲಿ ವಾರಕ್ಕೆ 200 ಸಂದೇಶ ಇತ್ತು, ಕೆಲವೇ ದಿನಗಳಲ್ಲಿ ಅದನ್ನು 3,000ಕ್ಕೆ ಏರಿಸಿದರು. ಆಂಥ್ರೊಪಿಕ್ ಕೂಡ 2025ರ ಆಗಸ್ಟ್ ಕೊನೆಯಿಂದ ವಾರದ ಮಿತಿ ತಂದಿತು.

ಪತ್ತೆ ಮಾಡುವುದು ಹೇಗೆ? ಉತ್ತರದ ಮೇಲೆ 'ಇಷ್ಟು ಸೆಕೆಂಡು ಯೋಚಿಸಿದೆ' ಅನ್ನುವ ಸಾಲು ಇದೆಯಾ ನೋಡಿ. ಸಾಲೇ ಇಲ್ಲದಿದ್ದರೆ ಹೆಚ್ಚಾಗಿ ಮೊದಲನೆಯ ಕಾರಣ ಅಥವಾ ಮೂರನೆಯದು. ಸಾಲು ಇದೆ, ಆದರೆ ಮೊದಲೆಲ್ಲ ನಲವತ್ತು ಸೆಕೆಂಡು ಹಿಡಿಯುತ್ತಿದ್ದಂಥ ಕೆಲಸಕ್ಕೆ ಈಗ ಏಳು ಅಂತ ತೋರಿಸಿದರೆ ಎರಡನೆಯದರ ಮೇಲೆ ಅನುಮಾನ ಪಡಿ. ಮಾಡೆಲನ್ನೇ "ನೀನು ಯಾವ ಮೋಡ್‌ನಲ್ಲಿದ್ದೀಯಾ" ಅಂತ ಕೇಳಬೇಡಿ. ಅದಕ್ಕೆ ಅದು ಗೊತ್ತಿರಲೇಬೇಕು ಅಂತಿಲ್ಲ, ಆದರೂ ಧೈರ್ಯವಾಗಿ ಏನಾದರೂ ಹೇಳಿಬಿಡುತ್ತದೆ.

ನಿಮ್ಮದೇ ಒಂದು ಪರೀಕ್ಷೆ ಇಟ್ಟುಕೊಳ್ಳಿ

ಇದನ್ನು ಮಾತ್ರ ಬಿಡಬೇಡಿ. ಉತ್ತರ ನಿಮಗೆ ಖಚಿತವಾಗಿ ಗೊತ್ತಿರುವ, ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಲೇಬೇಕಾದ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಇದು:

"ಸೋಮವಾರದಿಂದ ಗುರುವಾರದವರೆಗೆ ದಿನಕ್ಕೊಂದು ಪರೀಕ್ಷೆ. ಗಣಿತ ವಿಜ್ಞಾನಕ್ಕಿಂತ ಮೊದಲು ಬರಬೇಕು, ಆದರೆ ಎರಡೂ ಬೆನ್ನಿಗೆ ಬೆನ್ನಿಗೆ ಇರಬಾರದು. ಇತಿಹಾಸ ಸೋಮವಾರವೂ ಬೇಡ, ಗುರುವಾರವೂ ಬೇಡ. ಭೂಗೋಳ ಇತಿಹಾಸದ ಮರುದಿನವೇ ಆಗಬೇಕು. ಸಾಧ್ಯವಿರುವ ಎಲ್ಲ ವೇಳಾಪಟ್ಟಿ ಕೊಡು."

ಇದಕ್ಕೆ ಇರುವುದು ಒಂದೇ ಉತ್ತರ. ಗಣಿತ, ಇತಿಹಾಸ, ಭೂಗೋಳ, ವಿಜ್ಞಾನ, ಇದೇ ಕ್ರಮದಲ್ಲಿ. ಈಗ ಕೊನೆಗೆ ಇನ್ನೊಂದು ಷರತ್ತು ಸೇರಿಸಿ: "ವಿಜ್ಞಾನ ಭೂಗೋಳಕ್ಕಿಂತ ಮೊದಲು ಬರಬೇಕು." ಅಲ್ಲಿಗೆ ಉತ್ತರವೇ ಇಲ್ಲ. ನಿಜವಾದ ಪರೀಕ್ಷೆ ಇದು. ಅವಸರದಲ್ಲಿರುವ ಮಾಡೆಲ್‌ಗೆ "ಆಗುವುದಿಲ್ಲ" ಅನ್ನುವುದು ಕಷ್ಟ. ಯಾವುದೋ ಒಂದು ಷರತ್ತನ್ನು ಮೆಲ್ಲಗೆ ಮರೆತು, ಚಂದದ ಟೇಬಲ್ ಮಾಡಿ ಕೈಗಿಡುವ ಸಾಧ್ಯತೆ ಜಾಸ್ತಿ. ಸರಿಯಾಗಿ ಯೋಚಿಸಿದ್ದರೆ ಯಾವ ಷರತ್ತು ಯಾವುದಕ್ಕೆ ಅಡ್ಡ ಬರುತ್ತದೆ ಅಂತ ಹೇಳುತ್ತದೆ.

ನಾಲ್ಕು ವಿಷಯದ್ದು ತೀರಾ ಸುಲಭ ಅನ್ನಿಸಿದರೆ ಎಂಟು ವಿಷಯಕ್ಕೆ ಬೆಳೆಸಿ. ಇನ್ನೂ ಒಳ್ಳೆಯದು, ನಿಮ್ಮ ಕೆಲಸದಿಂದಲೇ ಒಂದು ಆರಿಸಿ. ಕೋಡ್ ಬರೆಯುವವರಾದರೆ ನೀವೇ ಹಿಡಿದು ಸರಿಪಡಿಸಿದ ಒಂದು ಬಗ್, ಲೆಕ್ಕಪತ್ರದವರಾದರೆ ಒಂದು ಕಡೆ ತಪ್ಪು ಬಿಟ್ಟಿರುವ ಪಟ್ಟಿ. ಹೊಸ ಚಾಟ್ ತೆರೆದು, ಮೆಮೊರಿ ಸೇರದ ತಾತ್ಕಾಲಿಕ ಚಾಟ್ ಇದ್ದರೆ ಅದರಲ್ಲೇ, ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮೋಡ್‌ನಲ್ಲಿ ಕೇಳಿ. ಪ್ರತಿ ಮೋಡ್‌ನಲ್ಲೂ ಒಂದೇ ಸಲ ಕೇಳಿ ತೀರ್ಪು ಕೊಡಬೇಡಿ, ಈ ಮಾಡೆಲ್‌ಗಳು ಪ್ರತಿ ಸಲ ಒಂದೇ ಥರ ಉತ್ತರಿಸುವುದಿಲ್ಲ. ಉತ್ತರ ಸರಿಯಿತ್ತಾ, ಎಷ್ಟು ಸೆಕೆಂಡು ತೋರಿಸಿತು, ತಾರೀಖು ಎಷ್ಟು. ಒಂದು ಫೈಲ್‌ನಲ್ಲಿ ಇಷ್ಟು ಬರೆದಿಡಿ. ಅಪ್‌ಡೇಟ್ ಬಂದಾಗ ಮತ್ತೆ ಓಡಿಸಿ. "ಯಾಕೋ ಮೊದಲಿನ ಹಾಗಿಲ್ಲ" ಅನ್ನುವುದು ಬರೀ ಅನಿಸಿಕೆಯೋ ನಿಜವೋ ಅಂತ ಆಗ ಗೊತ್ತಾಗುತ್ತದೆ.

ಆ್ಯಪ್ ಒಳಗೆ ಇರುವುದನ್ನೆಲ್ಲ ಹುಡುಕಿ

ಆಟೋ ಬಿಡಿ. ಮಾಡೆಲ್ ಆರಿಸುವ ಜಾಗದಲ್ಲಿ ಥಿಂಕಿಂಗ್ ಅನ್ನೋದನ್ನು ನೀವೇ ಆರಿಸಿ. ಆಮೇಲೆ ಅಲ್ಲಿಗೇ ನಿಲ್ಲಬೇಡಿ. ಸಂದೇಶ ಬರೆಯುವ ಪೆಟ್ಟಿಗೆಯಲ್ಲಿ ಆ ಮೋಡ್‌ನ ಹೆಸರು ಕಂಡರೆ ಅದರ ಮೇಲೂ ಒತ್ತಿ ನೋಡಿ. ಚಾಟ್‌ಜಿಪಿಟಿಯಲ್ಲಿ ಸ್ಟ್ಯಾಂಡರ್ಡ್, ಎಕ್ಸ್‌ಟೆಂಡೆಡ್ ಅಡಗಿ ಕೂತದ್ದು ಅಲ್ಲೇ, ಮತ್ತು ಅದು ಮೊದಲು ಬಂದದ್ದು ವೆಬ್‌ನಲ್ಲಿ. ಫೋನ್‌ನಲ್ಲಿ ಒಂದು ಆಯ್ಕೆ ಕಾಣದಿದ್ದರೆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತೆರೆದು ನೋಡಿ, ಬಹಳ ಸಲ ಅಲ್ಲಿ ಸಿಗುತ್ತದೆ.

ಕ್ಲಾಡ್‌ನಲ್ಲಿ 'ಎಕ್ಸ್‌ಟೆಂಡೆಡ್ ಥಿಂಕಿಂಗ್' ಬಂದದ್ದು 3.7 ಸಾನೆಟ್ ಜೊತೆ, ಅದೂ ಆನ್ ಅಥವಾ ಆಫ್ ಅನ್ನುವ ಲೆಕ್ಕದಲ್ಲಿ. ಎಪಿಐನಲ್ಲಿ ಮಾತ್ರ ಕನಿಷ್ಠ 1,024 ಟೋಕನ್‌ನಿಂದ ಶುರುಮಾಡಿ ಎಷ್ಟು ಬೇಕೋ ಅಷ್ಟು ಬಜೆಟ್ ಬರೆಯುವ ಸೌಕರ್ಯ ಇತ್ತು. ಜೆಮಿನಿ ಆ್ಯಪ್‌ನಲ್ಲಿ ನಿಮ್ಮ ಕೈಯಲ್ಲಿರುವುದು ಮುಖ್ಯವಾಗಿ ಮಾಡೆಲ್ ಬದಲಿಸುವುದು.

ಇನ್ನೊಂದು ಸಣ್ಣ ವಿಷಯ. ಕೆಲವು ಆ್ಯಪ್‌ಗಳಲ್ಲಿ ಯೋಚನೆ ನಡೆಯುತ್ತಿರುವಾಗ 'ಈಗಲೇ ಉತ್ತರ ಕೊಡು' ಅನ್ನುವ ಥರದ ಬಟನ್ ಬರುತ್ತದೆ. ಕಷ್ಟದ ಕೆಲಸ ಕೊಟ್ಟಾಗ ಅದನ್ನು ಒತ್ತಬೇಡಿ. ಇದೇನು ಹೇಳೋದು ಅನ್ನಬೇಡಿ, ಕಾಯೋಕೆ ಆಗದೆ ಒತ್ತುವವರೇ ಜಾಸ್ತಿ.

ಪ್ರಾಂಪ್ಟ್‌ನಿಂದ ಏನಾಗುತ್ತದೆ, ಏನಾಗುವುದಿಲ್ಲ

"ಚೆನ್ನಾಗಿ ಯೋಚಿಸಿ ಹೇಳು" ಅಂತ ಬರೆದರೆ ಏನಾದರೂ ಪ್ರಯೋಜನ ಉಂಟಾ? ಆಟೋ ಇದ್ದಾಗ ಉಂಟು. ಜಿಪಿಟಿ-5ರ ರೂಟರ್ ಇಂಥ ಮಾತನ್ನು ಗಮನಿಸುತ್ತದೆ ಅಂತ ಓಪನ್‌ಎಐ ತಾನೇ ಹೇಳಿತ್ತು. ಆದರೆ ಇದರಿಂದ ಆಗುವುದು ಸ್ವಿಚ್ ಹಾಕಿದಷ್ಟೇ ಕೆಲಸ. ಈಗಾಗಲೇ ಥಿಂಕಿಂಗ್‌ನಲ್ಲಿರುವಾಗ ಇದನ್ನೇ ಹತ್ತು ಸಲ ಬರೆದು, ದೊಡ್ಡಕ್ಷರ ಹಾಕಿ, ಬೇಡಿಕೊಂಡರೂ ಪ್ಲಾನ್‌ನ ಮಿತಿ ಮೀರಿ ಏನೂ ಹೋಗುವುದಿಲ್ಲ.

ಬೇಗ ಉತ್ತರಿಸುವ ಮೋಡ್‌ನಲ್ಲೇ ಇರಬೇಕಾದರೆ ಯೋಚನೆಯನ್ನು ಪುಟದ ಮೇಲೆ ಬರೆಸಿ. ಇದು ಹಳೇ ಉಪಾಯ, ಈಗಲೂ ನಡೆಯುತ್ತದೆ. 2022ರ ಒಂದು ಸಂಶೋಧನೆಯಲ್ಲಿ "ಹೆಜ್ಜೆ ಹೆಜ್ಜೆಯಾಗಿ ಯೋಚಿಸೋಣ" ಅನ್ನುವ ಅರ್ಥದ ಒಂದೇ ಒಂದು ಇಂಗ್ಲಿಷ್ ಸಾಲು ಸೇರಿಸಿದ್ದಕ್ಕೆ, ಒಂದು ಗಣಿತ ಪರೀಕ್ಷೆಯಲ್ಲಿ ಆಗಿನ ಮಾಡೆಲ್‌ನ ಸರಿ ಉತ್ತರಗಳು ಶೇ. 17.7ರಿಂದ ಶೇ. 78.7ಕ್ಕೆ ಏರಿದ್ದವು. ಈಗಿನ ಮಾಡೆಲ್‌ಗಳಲ್ಲಿ ಅಷ್ಟೊಂದು ಜಿಗಿತ ಕಾಣುವುದಿಲ್ಲ, ಆದರೆ ಕಾರಣ ಅದೇ: ಬರೆಯದಿದ್ದದ್ದನ್ನು ಅದು ಯೋಚಿಸಿಲ್ಲ. ಆದ್ದರಿಂದ "ಮೊದಲು ಉತ್ತರ ಹೇಳು, ಆಮೇಲೆ ವಿವರಿಸು" ಅಂತ ಫಾಸ್ಟ್ ಮೋಡ್‌ಗೆ ಯಾವತ್ತೂ ಹೇಳಬೇಡಿ. ಉತ್ತರ ಮೊದಲೇ ಬಿದ್ದುಬಿಟ್ಟರೆ ಆಮೇಲೆ ಬರುವ ವಿವರಣೆ ಅದನ್ನು ಸಮರ್ಥಿಸುವ ವಕೀಲಿಕೆ ಅಷ್ಟೇ.

ಥಿಂಕಿಂಗ್ ಮೋಡ್‌ನಲ್ಲಿ ಇದರ ಉಲ್ಟಾ. ಅಲ್ಲಿ ಹೆಜ್ಜೆಗಳನ್ನು ನೀವು ಹೇಳಿಕೊಡಬೇಕಿಲ್ಲ, ಅದು ತಾನೇ ಮಾಡುತ್ತದೆ. ಏನು ಬೇಕು, ಯಾವ ಷರತ್ತು ಮುರಿಯಬಾರದು, ಯಾವುದು ತಪ್ಪು ಉತ್ತರ ಅನ್ನಿಸಿಕೊಳ್ಳುತ್ತದೆ, ಇಷ್ಟು ಸ್ಪಷ್ಟವಾಗಿ ಹೇಳಿ ಸುಮ್ಮನಿರಿ.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಕೆಲಸವನ್ನು ಒಡೆಯುವುದು. ಒಂದು ಸಂದೇಶಕ್ಕೆ ಇಷ್ಟೇ ಯೋಚನೆ ಅಂತ ಮಿತಿ ಇರಬಹುದು, ಆದರೆ ಮುಂದಿನ ಸಂದೇಶಕ್ಕೆ ಅದು ಮತ್ತೆ ಹೊಸದಾಗಿ ಯೋಚಿಸುತ್ತದೆ ಅಲ್ವಾ? ಹಾಗಾಗಿ ದೊಡ್ಡ ಕೆಲಸವನ್ನು ಒಂದೇ ಏಟಿಗೆ ಕೊಡಬೇಡಿ. ಮೊದಲ ಸಂದೇಶದಲ್ಲಿ "ಇದರಲ್ಲಿರುವ ಷರತ್ತುಗಳನ್ನೆಲ್ಲ ಪಟ್ಟಿ ಮಾಡು, ಉತ್ತರ ಈಗ ಬೇಡ, ಅಸ್ಪಷ್ಟವಾಗಿರುವುದನ್ನು ನನ್ನನ್ನೇ ಕೇಳು" ಅನ್ನಿ. ಪಟ್ಟಿ ಸರಿಯಿದೆಯಾ ಅಂತ ನೀವೇ ಓದಿ, ಇಲ್ಲಿ ಬಿಟ್ಟುಹೋದದ್ದು ಮುಂದೆ ಎಲ್ಲೂ ತಿರುಗಿ ಬರುವುದಿಲ್ಲ. ಎರಡನೆಯದರಲ್ಲಿ ಉತ್ತರ ಕೇಳಿ. ಮೂರನೆಯದನ್ನು ಹೊಸ ಚಾಟ್‌ನಲ್ಲಿ ಮಾಡಿ: ಷರತ್ತುಗಳ ಪಟ್ಟಿ ಮತ್ತು ಬಂದ ಉತ್ತರ ಎರಡನ್ನೂ ಅಂಟಿಸಿ, "ಯಾರೋ ಕೊಟ್ಟ ಪರಿಹಾರ ಇದು, ಒಂದೊಂದೇ ಷರತ್ತಿಗೆ ಹೊಂದಿಸಿ ನೋಡಿ ತಪ್ಪು ಹುಡುಕು" ಅನ್ನಿ. ಅದೇ ಚಾಟ್‌ನಲ್ಲಿ ಕೇಳಿದರೆ ತಾನು ಬರೆದದ್ದನ್ನು ತಾನೇ ಹೊಗಳುವ ಚಾಳಿ ಬರುತ್ತದೆ. ಹೊಸ ಚಾಟ್‌ಗೆ ಆ ಹಂಗಿಲ್ಲ.

ಅಂದ ಹಾಗೆ, ಜಾಸ್ತಿ ಯೋಚನೆ ಅಂದರೆ ಯಾವಾಗಲೂ ಒಳ್ಳೆಯ ಉತ್ತರ ಅಲ್ಲ. ಆಂಥ್ರೊಪಿಕ್‌ನ ಸಂಶೋಧಕರೂ ಇದ್ದ 2025ರ ಒಂದು ಅಧ್ಯಯನದಲ್ಲಿ, ಕೆಲವು ಬಗೆಯ ಪ್ರಶ್ನೆಗಳಿಗೆ ಹೆಚ್ಚು ಹೊತ್ತು ಯೋಚಿಸಿದಷ್ಟೂ ಉತ್ತರ ಕೆಟ್ಟದ್ದು ಕಂಡುಬಂತು. ಸುಲಭದ ಎಣಿಕೆಯ ಪ್ರಶ್ನೆಯಲ್ಲಿ ಸಂಬಂಧವಿಲ್ಲದ ಅಂಕಿಗಳನ್ನು ತುರುಕಿದರೆ, ಉದ್ದಕ್ಕೆ ಯೋಚಿಸುವ ಮಾಡೆಲ್ ಅದರ ಹಿಂದೆಯೇ ಹೋಗಿಬಿಡುತ್ತಿತ್ತು. ಪತ್ರ ತಿದ್ದುವುದು, ಸಾರಾಂಶ, ಪದದ ಅರ್ಥ, ಇವಕ್ಕೆಲ್ಲ ಫಾಸ್ಟ್ ಸಾಕು. ಕೋಟಾ ಉಳಿಯುತ್ತದೆ.

ನಿಜವಾದ ರೆಗ್ಯುಲೇಟರ್ ಬೇಕೇ ಬೇಕು ಅಂದರೆ

ಎಪಿಐ ಕಡೆ ಹೋಗಿ. ಹೆಸರು ಕೇಳಿ ಹೆದರಬೇಡಿ, ಕೋಡ್ ಬರೆಯಲೇಬೇಕು ಅಂತಿಲ್ಲ. ಓಪನ್ ವೆಬ್‌ಯುಐ, ಲಿಬ್ರೆಚಾಟ್ ಥರದ ಪುಕ್ಕಟೆ ಚಾಟ್ ಪರದೆಗಳಿವೆ. ಇವನ್ನು ಹಾಕಿಕೊಳ್ಳಲು ಕಂಪ್ಯೂಟರ್ ಸ್ವಲ್ಪ ಗೊತ್ತಿರಬೇಕು. ಆಮೇಲೆ ಎಪಿಐ ಕೀ (ಕಂಪನಿ ನಿಮ್ಮ ಖಾತೆಗೆ ಕೊಡುವ ಗುಪ್ತ ಸಂಕೇತ) ಹಾಕಿದರೆ ಆ್ಯಪ್‌ನ ಹಾಗೆಯೇ ಮಾತಾಡಬಹುದು. ಜಿಪಿಟಿ-5ಕ್ಕೆ ಅಲ್ಲಿ ಮಿನಿಮಲ್, ಲೋ, ಮೀಡಿಯಂ, ಹೈ ಅಂತ ನಾಲ್ಕು ಹಂತ ಇದ್ದವು. ಜೆಮಿನಿ 2.5 ಫ್ಲ್ಯಾಶ್‌ಗೆ ಸೊನ್ನೆಯಿಂದ 24,576 ಟೋಕನ್‌ವರೆಗೆ ಎಷ್ಟು ಬೇಕಾದರೂ ಕೊಡಬಹುದಿತ್ತು. 2.5 ಪ್ರೊಗೆ 128ರಿಂದ 32,768, ಪೂರ್ತಿ ಆಫ್ ಮಾಡಲು ಮಾತ್ರ ಬಿಡುತ್ತಿರಲಿಲ್ಲ.

ಇಲ್ಲಿ ಎಚ್ಚರ ವಹಿಸಬೇಕಾದದ್ದು ದುಡ್ಡಿನ ವಿಷಯದಲ್ಲಿ. ಚಾಟ್‌ಜಿಪಿಟಿ ಚಂದಾ ಕಟ್ಟಿದ್ದೀರಿ ಅಂತ ಎಪಿಐ ಪುಕ್ಕಟೆ ಸಿಗುವುದಿಲ್ಲ, ಅದರ ಬಿಲ್ ಬೇರೆ. ಕೀ ಮಾಡಿದ ಕೂಡಲೇ, ಮೊದಲ ಪ್ರಶ್ನೆ ಕೇಳುವ ಮುಂಚೆಯೇ, ಖರ್ಚಿನ ಮಿತಿ ಹಾಕಿ ಅಥವಾ ಮುಂಗಡ ಸ್ವಲ್ಪವೇ ಹಾಕಿ. ಕಾಣದ ಯೋಚನೆಗೂ ದುಡ್ಡು ಹೋಗುತ್ತದೆ ಅನ್ನೋದು ನೆನಪಿರಲಿ. ಇನ್ನೊಂದು ಎಡವಟ್ಟು ತುಂಬಾ ಜನಕ್ಕೆ ಆಗುತ್ತದೆ. ಖರ್ಚು ಉಳಿಸಲು ಔಟ್‌ಪುಟ್ ಮಿತಿಯನ್ನು ತೀರಾ ಕಮ್ಮಿ ಇಡುತ್ತಾರೆ, ಮಾಡೆಲ್ ಅಷ್ಟನ್ನೂ ಯೋಚನೆಗೇ ಖಾಲಿ ಮಾಡಿ ಉತ್ತರದ ಜಾಗ ಬರಿದಾಗಿ ಬರುತ್ತದೆ, ಬಿಲ್ ಮಾತ್ರ ಬಂದಿರುತ್ತದೆ. ಶುರುವಿನಲ್ಲಿ ಯೋಚನೆ ಮತ್ತು ಉತ್ತರ ಸೇರಿ ಕನಿಷ್ಠ 25,000 ಟೋಕನ್ ಜಾಗ ಬಿಡಿ ಅಂತ ಓಪನ್‌ಎಐ ಸಲಹೆ ಕೊಡುತ್ತದೆ.

ಕೀ, ಬಿಲ್ಲು ಯಾವುದೂ ಬೇಡ, ಸುಮ್ನೆ ರೆಗ್ಯುಲೇಟರ್ ತಿರುಗಿಸಿ ನೋಡಬೇಕು ಅನ್ನುವವರಿಗೆ ಗೂಗಲ್‌ನ ಎಐ ಸ್ಟುಡಿಯೋ ಇದೆ. ಬ್ರೌಸರ್‌ನಲ್ಲೇ ತೆರೆಯುತ್ತದೆ, ಬಲಗಡೆಯ ಪಟ್ಟಿಯಲ್ಲಿ ಯೋಚನೆಯ ಸೆಟ್ಟಿಂಗ್ ಇರುತ್ತದೆ. ಆದರೆ ದುಡ್ಡು ಕೊಡದೆ ಬಳಸುವಾಗ ನೀವು ಹಾಕಿದ್ದನ್ನು ಅವರು ತಮ್ಮ ಸೇವೆ ಸುಧಾರಿಸಲು ಬಳಸಬಹುದು, ಮನುಷ್ಯರು ಓದಲೂಬಹುದು. ಆಫೀಸಿನ ಕಾಗದಪತ್ರ, ಬೇರೆಯವರ ಖಾಸಗಿ ವಿವರ ಅಲ್ಲಿ ಹಾಕಬೇಡಿ.

ಸ್ವಂತ ಕಂಪ್ಯೂಟರ್‌ನಲ್ಲಿ ಓಡಿಸುವ ದಾರಿಯೂ ಇದೆ. 2025ರ ಆಗಸ್ಟ್‌ನಲ್ಲಿ ಬಂದ ಓಪನ್‌ಎಐನ ಜಿಪಿಟಿ-ಓಎಸ್ಎಸ್-20ಬಿ ಅನ್ನುವ ಮಾಡೆಲ್ 16 ಜಿಬಿ ಮೆಮೊರಿಯಲ್ಲಿ ಓಡುತ್ತದೆ, ಲೋ, ಮೀಡಿಯಂ, ಹೈ ಮೂರೂ ನಿಮ್ಮ ಕೈಯಲ್ಲೇ. ಒಲಾಮಾ, ಎಲ್‌ಎಂ ಸ್ಟುಡಿಯೋ ಅನ್ನುವ ಪ್ರೋಗ್ರಾಂಗಳಲ್ಲಿ ಯಾವುದರಲ್ಲಾದರೂ ಹಾಕಿಕೊಳ್ಳಬಹುದು. ಕೋಟಾ ಇಲ್ಲ, ರಾತ್ರೋರಾತ್ರಿ ಡೀಫಾಲ್ಟ್ ಬದಲಾಯಿಸುವವರೂ ಇಲ್ಲ. ಆದರೆ ಚಿಕ್ಕ ಮಾಡೆಲ್ ಚಿಕ್ಕದೇ, ಎಷ್ಟು ಯೋಚಿಸಿದರೂ ಅದಕ್ಕೆ ಗೊತ್ತಿಲ್ಲದ್ದು ಗೊತ್ತಾಗುವುದಿಲ್ಲ. ಲಾಜಿಕ್ ಕೆಲಸಕ್ಕೆ ಪರವಾಗಿಲ್ಲ, ಮಾಹಿತಿ ಕೇಳುವುದಕ್ಕೆ ನೆಚ್ಚಬೇಡಿ.

ಚಂದಾ ಮುಂದುವರಿಸಬೇಕಾ?

ವರ್ಷದ ಚಂದಾ ಅಗ್ಗ ಅಂತ ಒಟ್ಟಿಗೆ ಕಟ್ಟಬೇಡಿ, ಈ ಕ್ಷೇತ್ರದಲ್ಲಂತೂ ಬೇಡವೇ ಬೇಡ. ಇವತ್ತು ಇರುವ ಆಯ್ಕೆ ಮೂರು ತಿಂಗಳಲ್ಲಿ ಇರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ನಾನು ದುಡ್ಡು ಕಟ್ಟಿದ್ದ ಒಂದು ಸೇವೆಯಲ್ಲಿ ದಿನಾ ಬಳಸುತ್ತಿದ್ದ ಮೋಡ್ ಒಂದು ಬೆಳಿಗ್ಗೆ ಪಟ್ಟಿಯಿಂದಲೇ ಮಾಯ, ಇಮೇಲೂ ಇಲ್ಲ ಏನೂ ಇಲ್ಲ. ತಿಂಗಳ ಚಂದಾ ಆಗಿದ್ದರಿಂದ ಬಿಟ್ಟು ಬರುವುದು ಸುಲಭವಾಯಿತು. ಮೇಲಿನ ಪ್ಲಾನ್‌ಗೆ ಹೋಗುವ ಮುಂಚೆ ಆ ಪರೀಕ್ಷೆಯ ಫೈಲ್ ತೆರೆದು ನೋಡಿ. ಈಗಿರುವ ಪ್ಲಾನ್‌ನ ಅತಿ ಮೇಲಿನ ಮಟ್ಟದಲ್ಲೂ ನಿಮ್ಮ ಪ್ರಶ್ನೆಗಳು ತಪ್ಪುತ್ತಿವೆ, ಎಪಿಐನಲ್ಲಿ 'ಹೈ' ಇಟ್ಟಾಗ ಸರಿಯಾಗುತ್ತಿವೆ ಅಂದರೆ ಮಾತ್ರ ಜಾಸ್ತಿ ದುಡ್ಡು ಕೊಡುವುದರಲ್ಲಿ ಅರ್ಥ ಇದೆ. ಎರಡೂ ಕಡೆ ತಪ್ಪುತ್ತಿದ್ದರೆ ಅದು ಯೋಚನೆಯ ಹೊತ್ತಿನ ಸಮಸ್ಯೆ ಅಲ್ಲ.

ದೂರು ಕೊಡುವುದಾದರೆ "ದಡ್ಡ ಆಗಿದೆ" ಅಂತ ಕಳಿಸಬೇಡಿ, ಅಂಥದ್ದು ಅವರಿಗೆ ರಾಶಿ ಬರುತ್ತದೆ. ಆರಿಸಿದ್ದ ಮೋಡ್, ಪ್ಲಾನ್, ದಿನಾಂಕ ಮತ್ತು ಸಮಯ, ತೋರಿಸಿದ ಸೆಕೆಂಡು, ಕೇಳಿದ ಪ್ರಶ್ನೆ, ಬರಬೇಕಿದ್ದ ಉತ್ತರ, ಆ ಚಾಟ್‌ನ ಲಿಂಕ್, ಇಷ್ಟು ಹಾಕಿ. ರದ್ದು ಮಾಡುವ ಹಂತಕ್ಕೆ ಬಂದಿದ್ದರೆ ಮೊದಲು ನಿಮ್ಮ ಚಾಟ್‌ಗಳನ್ನೆಲ್ಲ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ರದ್ದು ಮಾಡುವಾಗ ಯಾಕೆ ಬಿಡುತ್ತಿದ್ದೀರಿ ಅಂತ ಕೇಳುವ ಪೆಟ್ಟಿಗೆ ಬಂದರೆ ಅದನ್ನು ಖಾಲಿ ಬಿಡಬೇಡಿ, 'ಯೋಚನೆಯ ಮಟ್ಟ ಆರಿಸಲು ಬಿಡುತ್ತಿಲ್ಲ' ಅಂತ ಒಂದೇ ಸಾಲು ಬರೆದು ಕಳಿಸಿ.